ಒತ್ತುಶಾವಿಗೆಯ ಮೇಲೆ ಸ್ಟ್ರೋಗನಾಫ್

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ನನ್ನನ್ನು ನೋಡಿಹೋಗುವುದುಂಟು. ಕುಶಲಪ್ರಶ್ನೆ, ಉದ್ಯೋಗ, ಅಡಿಕೆಯ ಧಾರಣೆ ಎಲ್ಲವೂ ಮುಗಿದ ಮೇಲೆ ಮಾತು ಮಕ್ಕಳ ಊಟದ ಕಡೆಗೆ ತಿರುಗುತ್ತದೆ. ಆಗ ಕೆಲವರ ಧ್ವನಿ ಸಣ್ಣದಾಗುತ್ತದೆ. "ಮಕ್ಕಳು ಅಲ್ಲಿ ಎಲ್ಲಾ ತಿಂತಾರೆ ಮೇಷ್ಟ್ರೇ. ಅಮ್ಮನ ಹತ್ರ ಹೇಳಿಲ್ಲ" ಎನ್ನುತ್ತಾರೆ. ಈ "ಎಲ್ಲಾ" ಎಂಬ ಪದದೊಳಗೆ ಏನೇನು ಅಡಗಿದೆ ಎಂದು ನಾನು ಕೇಳುವುದಿಲ್ಲ. ಅದು ಕೇಳಬೇಕಾದ ಪ್ರಶ್ನೆಯೂ ಅಲ್ಲ. ಆದರೆ ನಮ್ಮ ಮನೆಯಲ್ಲಿಯೇ ಆ ಪದವು ಒಂದು ದಿನ ಊಟದ ಎಲೆಯ ಮುಂದೆ ಬಂದು ಕುಳಿತುಬಿಟ್ಟಿತು. ಆ ಸಂಗತಿಯನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

2024ರ ಜುಲೈ ತಿಂಗಳು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು, ಎಂದರೆ ನನ್ನ ಸೋದರಸೊಸೆ, ಹನ್ನೊಂದು ವರ್ಷದ ಮಗನೊಂದಿಗೆ ಸಾಗರದ ಸಮೀಪದ ನಮ್ಮ ಅಕ್ಕನ ಮನೆಗೆ ಬಂದಿದ್ದಳು. ಆರಿದ್ರೆ, ಪುನರ್ವಸು ಮಳೆಗಳು ಬಿಡುವಿಲ್ಲದೆ ಹೊಯ್ಯುತ್ತಿದ್ದವು. ಹುಡುಗನಿಗೆ ಅನ್ನ, ತಂಬುಳಿ, ಅಪ್ಪೆಹುಳಿ ಎಲ್ಲವೂ ಸೇರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ, "ನಿನಗೆ ಬೇಕಾದ್ದು ಏನು ಹೇಳು ಮಗಾ, ನಾಳೆ ಮಾಡುವಾ" ಎಂದಾಗ ಅವನು ಸಂತೋಷದಿಂದ, "ಬೀಫ್ ಸ್ಟ್ರೋಗನಾಫ್!" ಎಂದುಬಿಟ್ಟ. ಸ್ಟ್ರೋಗನಾಫ್ ಎಂಬುದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅದರ ಹಿಂದಿನ ಪದ ಎಲ್ಲರಿಗೂ ತಿಳಿಯಿತು. ಸೊಸೆಯ ಮುಖ ಕೆಂಪಾಯಿತು. ಬಡಿಸುತ್ತಿದ್ದ ಕೈ ಅಲ್ಲಿಯೇ ನಿಂತಿತು.

ಎಂಬತ್ತನ್ನು ಸಮೀಪಿಸುತ್ತಿರುವ ಅಕ್ಕ ಒಂದು ಕ್ಷಣ ಸುಮ್ಮನಿದ್ದು ಕೇಳಿದ ಪ್ರಶ್ನೆ ಇದು: "ಹೌದಾ? ಅದಕ್ಕೆ ಮತ್ತೆ ಏನೇನು ಹಾಕ್ತಾರೆ?"

ಹುಡುಗ ಬೆರಳು ಮಡಿಸುತ್ತಾ ಎಣಿಸಿದ. ಅಣಬೆ, ಈರುಳ್ಳಿ, ಬೆಣ್ಣೆ, ಹುಳಿಯಾದ ಕೆನೆ. ಎಲ್ಲವನ್ನೂ ಶಾವಿಗೆಯಂಥದ್ದರ ಮೇಲೆ ಸುರಿದು ತಿನ್ನುವುದು. "ಅಷ್ಟೂ ಇಲ್ಲಿ ಉಂಟಲ್ಲ. ಒಂದು ಮಾತ್ರ ನಮ್ಮಲ್ಲಿ ಮಾಡುವುದಿಲ್ಲ. ಉಳಿದದ್ದರಲ್ಲಿ ಮಾಡುವಾ" ಎಂದ ಅಕ್ಕ ನನ್ನತ್ತ ತಿರುಗಿ, "ತಮಾ, ನೀನು ಊರೂರು ತಿರುಗಿ ಅಡಿಗೆ ಮಾಡಿಕೊಂಡವನು. ಅದೆಂತದು ಅಂತ ನೋಡು" ಎಂದು ಕೆಲಸವನ್ನು ನನಗೆ ವಹಿಸಿದಳು.

ನಾನು ನೋಡಿದೆ. ಮೇಷ್ಟರ ಚಾಳಿ ನಿಮಗೆ ಗೊತ್ತೇ ಇದೆ. ಅಡಿಗೆಗಿಂತ ಮೊದಲು ಅಡಿಗೆಯ ಚರಿತ್ರೆಯನ್ನು ಓದಿದೆ. ಸ್ಟ್ರೋಗನಾಫ್ ಎಂಬುದು ರಷ್ಯಾದ ಒಂದು ಸಿರಿವಂತ ಮನೆತನದ ಹೆಸರು. ಯೆಲೆನಾ ಮೊಲೊಖೊವೆಟ್ಸ್ ಎಂಬಾಕೆ ಎಳೆಯ ಗೃಹಿಣಿಯರಿಗಾಗಿ ಬರೆದ ಪ್ರಸಿದ್ಧ ಪಾಕಗ್ರಂಥವೊಂದು 1861ರಲ್ಲಿ ಮೊದಲು ಪ್ರಕಟವಾಯಿತು. ಅದರ 1871ರ ಆವೃತ್ತಿಯಲ್ಲಿ ಈ ಖಾದ್ಯದ ವಿಧಾನ ಅಚ್ಚಾಗಿದೆ. ನನಗೆ ಅಚ್ಚರಿಯಾದದ್ದು ಇಲ್ಲಿ: ಆ ಮೊದಲ ವಿಧಾನದಲ್ಲಿ ಅಣಬೆಯೂ ಇಲ್ಲ, ಈರುಳ್ಳಿಯೂ ಇಲ್ಲ! ದನದ ಎಳೆಯ ಮಾಂಸದ ತುಂಡುಗಳು, ಬೆಣ್ಣೆ, ಹಿಟ್ಟು, ಅರೆದ ಸಾಸಿವೆ, ಕೊನೆಗೆ ಸ್ವಲ್ಪ ಹುಳಿಕೆನೆ, ಅಷ್ಟೆ. ಈರುಳ್ಳಿ, ಅಣಬೆಗಳು ಆಮೇಲೆ ಬಂದು ಸೇರಿದವು. 1917ರ ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರ ಜೊತೆಯಲ್ಲಿ ಈ ಅಡಿಗೆಯೂ ಹೊರಟಿತು. ಅಮೆರಿಕದಲ್ಲಿ 1950ರ ದಶಕದ ಹೊತ್ತಿಗೆ ಅದು ಮನೆಮನೆಯ ಊಟವಾಯಿತು. ರಷ್ಯಾದಲ್ಲಿ ಆಲೂಗಡ್ಡೆಯೊಂದಿಗೆ ಉಣ್ಣುತ್ತಿದ್ದದ್ದು ಅಲ್ಲಿ ಅಗಲವಾದ ಹಿಟ್ಟಿನ ಶಾವಿಗೆಯ ಮೇಲೆ ಏರಿ ಕುಳಿತಿತು. ಎಂದರೆ, ನಮ್ಮ ಹುಡುಗನಿಗೆ ಪ್ರಿಯವಾದ ಅಣಬೆಯೂ ಶಾವಿಗೆಯೂ ಹಾದಿಯಲ್ಲಿ ಸೇರಿಕೊಂಡ ನೆಂಟರು. ಮೂಲದಲ್ಲಿ ಮಾಂಸದ ಜೊತೆಗಿದ್ದ ರುಚಿ ಸಾಸಿವೆ ಮತ್ತು ಹುಳಿಕೆನೆಯದು.

ಇದನ್ನು ಓದಿ ಹೇಳಿದಾಗ ಅಕ್ಕ ನಕ್ಕಳು. "ಸಾಸಿವೆ ಅರೆದು ಹುಳಿ ಕೂಡಿಸುವುದು ನಮಗೆ ರಷ್ಯದವರು ಹೇಳಿಕೊಡಬೇಕಾ?" ಎಂದಳು. ಅವಳ ಮಾತು ನಿಜ. ನಮ್ಮ ಕಡೆ ಸಾಸಿವೆ ಎಂದರೆ ಒಗ್ಗರಣೆಯ ಕಾಳು ಮಾತ್ರವಲ್ಲ, ಒಂದು ಮೇಲೋಗರದ ಹೆಸರೂ ಹೌದು. ತೆಂಗಿನತುರಿಯೊಂದಿಗೆ ಹಸಿ ಸಾಸಿವೆಯನ್ನು ಅರೆದು, ಮೊಸರು ಕೂಡಿಸಿ, ಬೇಯಿಸಿದ ಹಾಗಲಕಾಯಿಯನ್ನೋ ಹುರಿದ ಬೆಂಡೆಕಾಯಿಯನ್ನೋ ಬೆರೆಸಿದರೆ ಅದೇ ಸಾಸಿವೆ. ಅರೆದ ಸಾಸಿವೆಯನ್ನು ಯಾರೂ ಕುದಿಸುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಹುಟ್ಟುವ ಘಾಟು ಕುದಿಸಿದರೆ ಹಾರಿಹೋಗುತ್ತದೆ. ಮೊಸರು ಕುದಿಸಿದರೆ ಒಡೆದುಹೋಗುತ್ತದೆ. ಹುಳಿಕೆನೆಯನ್ನು ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಬೇಕು, ಆಮೇಲೆ ಕುದಿಸಬಾರದು ಎಂದು ಸ್ಟ್ರೋಗನಾಫ್ ಮಾಡುವವರು ಹೇಳುವ ಎಚ್ಚರಿಕೆಯೂ ಇದೇ. ಎರಡು ಅಡಿಗೆಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಹಾಲು ಕರೆಯುವ, ಸಾಸಿವೆ ಬೆಳೆಯುವ ಜನ ಎಲ್ಲಿದ್ದರೂ ಒಲೆಯ ಮುಂದೆ ಕಲಿಯುವ ಪಾಠ ಒಂದೇ ಇರಬೇಕು.

ಹುಳಿಕೆನೆಗೂ ನಾವು ಅಂಗಡಿಗೆ ಹೋಗಬೇಕಾಗಲಿಲ್ಲ. ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ದಿನವೂ ತೆಗೆದು, ಒಂದು ಪಾತ್ರೆಯಲ್ಲಿ ಹೆಪ್ಪು ಹಾಕಿ ಕೂಡಿಸಿ, ಕಡೆದು ಬೆಣ್ಣೆ ತೆಗೆಯುವುದು ಇಂದಿಗೂ ಅಕ್ಕನ ಪದ್ಧತಿ. ಕಡೆಯುವ ಮುನ್ನ ಪಾತ್ರೆಯಲ್ಲಿರುವುದು ಹುಳಿಕೆನೆಯಲ್ಲದೆ ಮತ್ತೇನು?

ಉಳಿದದ್ದು ಅಣಬೆ. ಇದು ಸುಲಭದ ಮಾತಾಗಿರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅಣಬೆಗೆ ಪ್ರವೇಶವಿರಲಿಲ್ಲ. ಅದನ್ನು ಮಾಂಸದ ಸಾಲಿಗೇ ಸೇರಿಸಿದ್ದರು. ನಾನು ಅಣಬೆಯನ್ನು ಅರಿತದ್ದು ನೌಕರಿಗೆ ಸೇರಿದ ಮೇಲೆ.

ತೀರ್ಥಹಳ್ಳಿಯ ಕಡೆ ನಾನು ಬಾಡಿಗೆಗಿದ್ದದ್ದು ಒಂದು ಒಕ್ಕಲಿಗರ ಮನೆಯ ಉಪ್ಪರಿಗೆಯಲ್ಲಿ. ಮಳೆಗಾಲ ಆರಂಭವಾಗಿ ನಾಲ್ಕು ಗುಡುಗು ಗುಡುಗಿದರೆ ಆ ಮನೆಯ ಹಿರಿಯರು ನಸುಕಿನಲ್ಲಿಯೇ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡಕ್ಕೆ ಹೊರಡುತ್ತಿದ್ದರು. ಹೆಗ್ಗಾಲಣಬೆ ಏಳುವ ಹುತ್ತದ ಜಾಗ ಅವರಿಗೆ ಗೊತ್ತಿತ್ತು. ಆ ಜಾಗವನ್ನು ಮನೆಯ ಹೊರಗಿನವರಿಗೆ ಹೇಳುವ ಪದ್ಧತಿ ಇರಲಿಲ್ಲ. ಆ ಅಣಬೆಯ ಕಾಲು ನೆಲದೊಳಗೆ ಬಹು ಆಳಕ್ಕೆ ಇಳಿದಿರುತ್ತದೆ. ಗೆದ್ದಲು ಹುಳುಗಳು ಹುತ್ತದೊಳಗೆ ತರಗು, ಕಡ್ಡಿಗಳ ಸಾರದಿಂದ ತೋಟ ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಅದೇ ತೋಟ ಮಳೆಗಾಲದಲ್ಲಿ ಕೊಡೆ ಬಿಚ್ಚಿ ಮೇಲಕ್ಕೆ ಬರುತ್ತದೆ. ಗೆದ್ದಲಿಗೆ ಗೊತ್ತಿರುವ ಆ ಬೇಸಾಯವನ್ನು ಮನುಷ್ಯ ಇನ್ನೂ ಕಲಿತಿಲ್ಲ. ಮಾರುಕಟ್ಟೆಗಾಗಿ ಅದನ್ನು ಕೃಷಿ ಮಾಡಲು ಸಾಧ್ಯವಾಗಿಲ್ಲ. ಆ ಮನೆಯಲ್ಲಿ ಅಣಬೆಗೆ ಮಾಂಸದ ಮಸಾಲೆಯನ್ನೇ ಅರೆಯುತ್ತಿದ್ದರು. ಜೊತೆಗೆ ಬಿಸಿ ಕಡುಬು. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕಡುಬಿನ ಊಟದ ಗತ್ತು ಏನೆಂದು ಹೇಳಬೇಕಾಗಿಲ್ಲ. ಮನೆಯೊಡತಿ ಮೊದಲ ದಿನ, "ಮೇಷ್ಟ್ರು ತಿಂತೀರೋ ಇಲ್ಲವೋ" ಎಂದು ಬಾಗಿಲಲ್ಲಿಯೇ ನಿಂತು ಕೇಳಿದ್ದರು. ತಿನ್ನದಿದ್ದರೆ ಬೇಸರವಿಲ್ಲ ಎಂಬುದು ಆ ಪ್ರಶ್ನೆಯಲ್ಲಿಯೇ ಇತ್ತು. ನಾನು ತಿಂದೆ.

ಹೊಸನಗರ ತಾಲ್ಲೂಕಿನಲ್ಲಿದ್ದಾಗ ಕಂಡದ್ದು ಬೇರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ಶರಾವತಿಯ ಹಿನ್ನೀರಿಗೆ ಕೊಟ್ಟಿತು. ಮುಳುಗಡೆಯಾದ ಊರಿನಿಂದ ಎದ್ದು ಬಂದಿದ್ದ ದೀವರ ಮನೆಯ ಒಬ್ಬ ಅಜ್ಜಿ ಶಾಲೆಯ ಬಳಿ ಇದ್ದರು. ಗದ್ದೆ ಹೋದದ್ದನ್ನು ಅವರು ಮೊದಲೇ ಹೇಳಿ ಮುಗಿಸಿದ್ದರು. ಒಂದು ಮಳೆಗಾಲ ಹೇಳಿದ ಮಾತು ಇದು: "ಗದ್ದೆಗೆ ಬದಲಿ ಗದ್ದೆ ಅಂದ್ರು. ಅಣಬೆ ಏಳೋ ಜಾಗಕ್ಕೆ ಬದಲಿ ಯಾರು ಕೊಡ್ತಾರೆ ಮಾಷ್ಟ್ರೇ? ಹೊಸ ಗುಡ್ಡದಲ್ಲಿ ಯಾವುದು ತಿನ್ನೋದು, ಯಾವುದು ಬಿಡೋದು ಅಂತ ನಂಗೆ ಹೇಳಿಕೊಡೋರು ಇಲ್ಲ." ಪರಿಹಾರದ ಯಾವ ಪಟ್ಟಿಯಲ್ಲಿಯೂ ಬರೆಯಲಾಗದ ನಷ್ಟ ಅದು.

ಅವರ ಮಾತಿನಲ್ಲಿ ವಿವೇಕವೂ ಇದೆ. ಅಣಬೆಯ ತಿಳಿವಳಿಕೆ ಆಯಾ ಗುಡ್ಡಕ್ಕೆ ಸೇರಿದ್ದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು, ಹುಳು ತಿಂದಿದ್ದರೆ ವಿಷವಿಲ್ಲ, ಅರಿಸಿನದ ನೀರಿಗೆ ಹಾಕಿದರೆ ಸಾಕು ಎಂಬ ಪರೀಕ್ಷೆಗಳನ್ನು ನಂಬಬೇಡಿ. ಅವು ಯಾವುವೂ ವಿಷವನ್ನು ತೋರಿಸಲಾರವು. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದ ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿಭೇದಿ ಆರಂಭವಾಗಿ, ಕಡಿಮೆಯಾದಂತೆ ಕಂಡು, ಅಷ್ಟರಲ್ಲಿ ಯಕೃತ್ತನ್ನು ಹಾಳುಮಾಡಿರುತ್ತದೆ. ಪಟ್ಟಣಗಳಿಂದ ಬಂದು ಗುಡ್ಡದಲ್ಲಿ ಕಂಡ ಬಿಳಿಯ ಕೊಡೆಯನ್ನೆಲ್ಲ ಕಿತ್ತು ತರುವ ನಮ್ಮ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ. ಈ ಕಾರಣಕ್ಕೇ ಅಕ್ಕನ ಮನೆಯ ಅಡಿಗೆಗೆ ನಾನು ಸಾಗರದ ಪೇಟೆಯಿಂದ ಬೇಸಾಯದ ಗುಂಡಿ ಅಣಬೆಯ 200 ಗ್ರಾಂನ ಎರಡು ಪೊಟ್ಟಣಗಳನ್ನು ತಂದೆ.

ಇನ್ನು ಮಾಂಸದ ವಿಚಾರ. ಅದನ್ನು ಹೇಳದೆ ದಾಟಿದರೆ ಈ ಬರಹ ಅರ್ಧವಾಗುತ್ತದೆ. ನನ್ನ ತರಗತಿಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಇದ್ದರು. ಮಧ್ಯಾಹ್ನದ ಹೊತ್ತು ಕೆಲವರು ಗುಂಪು ಬಿಟ್ಟು, ಮೈದಾನದ ಆಚೆಯ ಮರದ ಕೆಳಗೆ ಹೋಗಿ, ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು, ಬೇಗಬೇಗನೆ ಉಂಡು ಬರುತ್ತಿದ್ದರು. ಅವರಲ್ಲಿ ಕೆಲವರ ಮನೆಗಳಲ್ಲಿ ದನದ ಮಾಂಸ ಊಟದ ಪದಾರ್ಥವಾಗಿತ್ತು. ಅದನ್ನು ಎಲ್ಲರೂ ಬಲ್ಲರು, ಯಾರೂ ಆಡುತ್ತಿರಲಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯ ಮುಖ್ಯೋಪಾಧ್ಯಾಯರು, ಸ್ವತಃ ಈರುಳ್ಳಿಯನ್ನೂ ತಿನ್ನದವರು, ಒಂದು ನಿಯಮ ಮಾಡಿದ್ದರು: ಊಟದ ಹೊತ್ತಿನಲ್ಲಿ ಯಾರೂ ಮತ್ತೊಬ್ಬರ ಡಬ್ಬಿಯಲ್ಲಿ ಏನಿದೆ ಎಂದು ಕೇಳಕೂಡದು, ಎಲ್ಲರೂ ಒಂದೇ ಜಗುಲಿಯಲ್ಲಿ ಕುಳಿತು ಉಣ್ಣಬೇಕು. ಮೊದಲ ವಾರ ಆ ಮರದ ಕೆಳಗಿನ ಮಕ್ಕಳು ಜಗುಲಿಯ ತುದಿಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ಕುಳಿತರು. ತಿಂಗಳು ಕಳೆಯುವುದರೊಳಗೆ ಈ ಕಡೆಗೆ ತಿರುಗಿದರು. ಮುಖ್ಯೋಪಾಧ್ಯಾಯರು ಅದಕ್ಕಾಗಿ ಒಂದು ದಿನವೂ ಭಾಷಣ ಮಾಡಲಿಲ್ಲ. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಆ ಜಗುಲಿ ನೆನಪಾದೀತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1964ರ ಕಾಯ್ದೆ ನಮ್ಮ ರಾಜ್ಯದಲ್ಲಿ ಗೋಹತ್ಯೆಯನ್ನು ನಿಷೇಧಿಸಿತ್ತು. ಮುದಿಯಾದ ಎತ್ತು, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತು, ಹೋರಿಗಳನ್ನೂ ನಿಷೇಧದೊಳಗೆ ತಂದಿತು. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶ ಉಳಿಯಿತು. ಕಾಯ್ದೆಯ ಪರ ವಿರೋಧಗಳು ನನ್ನ ಇಂದಿನ ವಿಷಯವಲ್ಲ. ಅಕ್ಕನ ಮನೆಯ ನಿಯಮ ಆ ಎರಡೂ ಕಾಯ್ದೆಗಳಿಗಿಂತ ಹಳೆಯದು. ಅದನ್ನು ಮತ್ತೊಬ್ಬರ ಮನೆಯ ಮೇಲೆ ಹೇರುವ ಉತ್ಸಾಹವೂ ಅದಕ್ಕಿರಲಿಲ್ಲ.

ಮಾರನೆಯ ದಿನದ ಅಡಿಗೆ ಹೀಗೆ ನಡೆಯಿತು. ಒಳಗಿನ ಒಲೆಯಲ್ಲಿ ಅಣಬೆ ಬೇಡ ಎಂಬುದು ಅಕ್ಕನ ಷರತ್ತು. ಬಚ್ಚಲೊಲೆಯ ಪಕ್ಕದ ಹೊರ ಒಲೆ ನನ್ನದಾಯಿತು. ಅಣಬೆಯನ್ನು ನೀರಿನಲ್ಲಿ ನೆನೆಹಾಕದೆ, ಬೇಗನೆ ತೊಳೆದು, ಬಟ್ಟೆಯಲ್ಲಿ ಒರೆಸಿ, ದಪ್ಪ ಬಿಲ್ಲೆಗಳಾಗಿ ಹೆಚ್ಚಿದೆ. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ತುಪ್ಪ ಹಾಕಿ, ಎರಡು ಪಾಲು ಮಾಡಿ ಹುರಿದೆ. ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಒಮ್ಮೆಗೇ ಸುರಿದರೆ ಅದು ತನ್ನ ನೀರಿನಲ್ಲಿ ತಾನೇ ಬೆಂದು ಸಪ್ಪೆಯಾಗುತ್ತದೆ. ನೀರು ಬಿಟ್ಟು, ಆ ನೀರು ಆರಿ, ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ತಾಳ್ಮೆ ಬೇಕು. ಮೆತ್ತಗಾಗಿ ಹೋದೀತೆಂಬ ಭಯ ಬೇಡ. ಅಣಬೆ ಎಷ್ಟು ಹೊತ್ತು ಬೆಂದರೂ ತರಕಾರಿಯಂತೆ ಕರಗುವುದಿಲ್ಲ.

ಮಾಂಸದ ಸ್ಥಾನಕ್ಕೆ ಹಲ್ಲಿಗೆ ಸಿಗುವಂಥದ್ದು ಏನಾದರೂ ಬೇಕಲ್ಲ? ಅಟ್ಟದ ಮೇಲೆ ಆ ವರ್ಷದ ಹಲಸಿನ ಬೀಜಗಳಿದ್ದವು. ಇಪ್ಪತ್ತೈದು ಬೀಜಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿದೆ. ಅದೇ ಬಾಣಲೆಯಲ್ಲಿ ಎರಡು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಒಂದು ಚಮಚ ಅಕ್ಕಿಹಿಟ್ಟನ್ನು ಉದುರಿಸಿ, ಒಂದೂವರೆ ಲೋಟ ತೆಳುವಾದ ಕಾಯಿಹಾಲು ಎರೆದೆ. ಅದು ಮಂದವಾದ ಮೇಲೆ ಬೀಜ, ಅಣಬೆ, ಉಪ್ಪು, ಕುಟ್ಟಿದ ಕಾಳುಮೆಣಸು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ಹಿಡಿ ತೆಂಗಿನತುರಿಯೊಂದಿಗೆ ಒಂದು ಚಮಚ ಸಾಸಿವೆಯನ್ನು ನುಣ್ಣಗೆ ಅರೆದು ತಂದಿಟ್ಟಳು. ಬಾಣಲೆಯನ್ನು ಕೆಳಗಿಳಿಸಿ, ಕುದಿ ಅಡಗಿದ ಮೇಲೆ ಸಾಸಿವೆಯ ಅರಪ್ಪನ್ನೂ, ಕಡೆಗೋಲಿಗೆ ಕಾದಿದ್ದ ಪಾತ್ರೆಯಿಂದ ನಾಲ್ಕು ದೊಡ್ಡ ಚಮಚ ಹುಳಿಕೆನೆಯನ್ನೂ ಬೆರೆಸಿದೆ. ಮತ್ತೆ ಒಲೆಯ ಮೇಲೆ ಇಡಲಿಲ್ಲ.

ಶಾವಿಗೆಯ ಒರಳನ್ನು ಒತ್ತಲು ಹುಡುಗನನ್ನೇ ಕರೆದೆವು. ಉಗಿಯಲ್ಲಿ ಬೆಂದ ಅಕ್ಕಿಹಿಟ್ಟಿನ ಮುದ್ದೆ ಎಳೆಎಳೆಯಾಗಿ ಇಳಿಯುವುದನ್ನು ಕಂಡು ಅವನಿಗೆ ಅಡಿಗೆಯೇ ಮರೆತುಹೋಯಿತು. ಊಟಕ್ಕೆ ಕುಳಿತಾಗ ಅಜ್ಜಿಯನ್ನು ಕೇಳಿದ: "ಇದರಲ್ಲಿ ಬೀಫ್ ಯಾಕೆ ಇಲ್ಲ?" ಸೊಸೆ ತಲೆ ತಗ್ಗಿಸಿದಳು. ಅಕ್ಕ ಕೊಟ್ಟಿಗೆಯ ಕಡೆ ಕೈತೋರಿಸಿ ಹೇಳಿದಳು: "ಅಲ್ಲಿ ಗೌರಿ ಇದ್ದಾಳಲ್ಲ, ನಿನ್ನೆ ನೀನು ಹುಲ್ಲು ಕೊಟ್ಟೆಯಲ್ಲ. ಹೆಸರಿಟ್ಟು ಕರೆದವಳನ್ನು ನಾವು ತಿನ್ನುವುದಿಲ್ಲ. ಅವಳು ಕೊಟ್ಟ ಕೆನೆ ಇದರಲ್ಲಿ ಉಂಟು. ನಿಮ್ಮೂರಿನಲ್ಲಿ ಏನು ತಿನ್ನಬೇಕು ಅಂತ ನಿನ್ನ ಅಪ್ಪ ಅಮ್ಮ ನೋಡಿಕೊಳ್ತಾರೆ. ಇಲ್ಲಿ ಇದು." ಹುಡುಗ ಸ್ವಲ್ಪ ಯೋಚಿಸಿ, ಸರಿ ಎಂದು ತಲೆಯಾಡಿಸಿದ. ತಿಂದು ನೋಡಿ, "ಇದು ಅದರ ಹಾಗಿಲ್ಲ" ಎಂದ. ಹಾಗೆಂದು ಎರಡನೆಯ ಬಾರಿ ಹಾಕಿಸಿಕೊಂಡ. ಅಕ್ಕ ಅಣಬೆಯನ್ನು ಮುಟ್ಟಲಿಲ್ಲ. ಮೊಮ್ಮಗನ ಪಕ್ಕದಲ್ಲಿಯೇ ಕುಳಿತು, ಅದೇ ಶಾವಿಗೆಗೆ ಬೆಲ್ಲದ ಕಾಯಿಹಾಲು ಹಾಕಿಕೊಂಡು ಉಂಡಳು. ಆ ರಾತ್ರಿ ಸೊಸೆ ತಾಯಿಯ ಹತ್ತಿರ ಬಹಳ ಹೊತ್ತು ಮಾತನಾಡುತ್ತಿದ್ದಳು. ಹದಿನೈದು ವರ್ಷಗಳಿಂದ ಫೋನಿನಲ್ಲಿ ಹೇಳಲಾಗದ ಎಷ್ಟೋ ಮಾತುಗಳಿದ್ದಿರಬೇಕು. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ನನಗೆ ತೋರುವುದಿಷ್ಟು. ಮನೆಯ ನಿಯಮವನ್ನು ಉಳಿಸಿಕೊಳ್ಳುವುದಕ್ಕೆ ಮಗುವಿನ ಮುಖ ಸಣ್ಣದು ಮಾಡಬೇಕಾಗಿಲ್ಲ. ಮಗುವಿನ ಮುಖ ಉಳಿಸುವುದಕ್ಕೆ ಮನೆಯ ನಿಯಮವನ್ನು ಬಿಡಬೇಕಾಗಿಯೂ ಇಲ್ಲ. "ಮತ್ತೆ ಏನೇನು ಹಾಕ್ತಾರೆ?" ಎಂಬ ಪ್ರಶ್ನೆಗೆ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಶಕ್ತಿಯಿದೆ. ತಿನ್ನದಿರುವುದು ಒಂದಾದರೆ, ಕೂಡಿ ತಿನ್ನಬಹುದಾದದ್ದು ನಾಲ್ಕಿರುತ್ತದೆ.

ಮಾಂಸದ ಅಡಿಗೆ ಮಾಡುವ ಮನೆಯವರು ಹಲಸಿನ ಬೀಜದ ಬದಲಿಗೆ ಕೋಳಿಯನ್ನು ಹಾಕಬಹುದು. ಮಾಂಸ ಯಾವುದಾದರೂ ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಿರಿ, ಬಾಣಲೆಯಲ್ಲಿ ಕಿಕ್ಕಿರಿಸಬೇಡಿ. ಸಾಸಿವೆಯನ್ನು ಮಾತ್ರ ಬಿಡಬೇಡಿ. ಈಗಿನ ಎಷ್ಟೋ ವಿಧಾನಗಳಲ್ಲಿ ಮರೆತುಹೋದ ಅದೇ ಈ ಅಡಿಗೆಯ ಮೊದಲ ರುಚಿ. ಕೆನೆ ಇಲ್ಲದವರು ಗಟ್ಟಿ ಮೊಸರಿಗೆ ಅರ್ಧ ಚಮಚ ಅಕ್ಕಿಹಿಟ್ಟು ಕದಡಿ ಸೇರಿಸಿದರೆ ಬೇಗ ಒಡೆಯುವುದಿಲ್ಲ. ಮಾಡಿ ನೋಡಿದವರು, ನಿಮ್ಮ ಮನೆಯಲ್ಲಿ ಏನನ್ನು ಬಿಟ್ಟು ಏನನ್ನು ಸೇರಿಸಿದಿರಿ ಎಂದು ನನಗೆ ಬರೆದು ತಿಳಿಸಿ. ಹಳೆಯ ಮೇಷ್ಟರಿಗೆ ಈಗ ನಿಮ್ಮಿಂದ ಬರಬೇಕಾದ ಉತ್ತರಪತ್ರಿಕೆಗಳು ಅಂಥವೇ.